ರಾಜನ ಸಹಿ, ಹೊಣೆ ಯಾರದು?

ಪ್ರಶ್ನೆ: ಬ್ರಿಟನ್ನಿನಲ್ಲಿ ಕಾನೂನಿಗೆ ಒಪ್ಪಿಗೆ ಕೊಡುವುದು ರಾಜ, ಪ್ರಧಾನಿಯನ್ನು ನೇಮಿಸುವುದೂ ರಾಜ. ಅವನಿಗೆ ಯಾರೂ ಓಟು ಹಾಕಿಲ್ಲ. ಹಾಗಿದ್ದ ಮೇಲೆ ಸರ್ಕಾರ ತಪ್ಪು ಮಾಡಿದರೆ ಜನ ಯಾರ ಕೊರಳಪಟ್ಟಿ ಹಿಡಿಯಬೇಕು?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಪ್ರಧಾನಿಯದ್ದೇ. ರಾಜ ನಡೆಯುವುದು ಮಂತ್ರಿಗಳ ಸಲಹೆಯಂತೆ, ಹಾಗಾಗಿ ಬೈಗುಳವೂ ಸಲಹೆ ಕೊಟ್ಟವರಿಗೇ.

2019ರಲ್ಲಿ ಇದಕ್ಕೆ ಒಳ್ಳೆ ಪರೀಕ್ಷೆಯೇ ಬಂತು. ಯುರೋಪಿಯನ್ ಒಕ್ಕೂಟ ಬಿಡಲು ಅಕ್ಟೋಬರ್ 31ರ ಗಡುವು. ಒಪ್ಪಂದ ಆಗಲಿ ಬಿಡಲಿ ಹೊರಗೆ ಬಂದೇ ಬರ್ತೀವಿ ಅಂತ ಪ್ರಧಾನಿ ಬೋರಿಸ್ ಜಾನ್ಸನ್ ಹಟ ಹಿಡಿದಿದ್ದರು, ಕೆಳಮನೆಯಲ್ಲಿ ಹೆಚ್ಚಿನವರಿಗೆ ಅದು ಬೇಕಿರಲಿಲ್ಲ. ಆಗಸ್ಟ್ 28ರಂದು ಸರ್ಕಾರದ ಕಡೆಯವರು ಸ್ಕಾಟ್ಲೆಂಡಿನ ಬಾಲ್ಮೋರಲ್‌ಗೆ ಹೋಗಿ, ಅಲ್ಲಿದ್ದ ರಾಣಿ ಎಲಿಜಬೆತ್ ಅವರ ಒಪ್ಪಿಗೆ ಪಡೆದುಕೊಂಡು ಬಂದರು. ಸಂಸತ್ತಿಗೆ ಐದು ವಾರ ಬೀಗ! ಹೊಸ ಅಧಿವೇಶನಕ್ಕೆ ತಯಾರಿ ಅಂತ ನೆಪ. ಅಷ್ಟಕ್ಕೆ ಕೆಲವು ದಿನ ಸಾಕಿತ್ತು, ಅಲ್ವಾ?

ಸೆಪ್ಟೆಂಬರ್ 24ಕ್ಕೆ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳೂ ಒಂದೇ ಮಾತು ಹೇಳಿದರು: ಸರ್ಕಾರ ಸಂಸತ್ತಿಗೆ ಉತ್ತರ ಹೇಳಬೇಕು, ಸರಿಯಾದ ಕಾರಣ ಇಲ್ಲದೆ ಅದರ ಬಾಯಿ ಮುಚ್ಚಿಸುವಂತಿಲ್ಲ. ರಾಣಿಯ ಆಜ್ಞೆ ಹಿಡಿದು ಸದನಕ್ಕೆ ಹೋದವರ ಕೈಯಲ್ಲಿದ್ದದ್ದು ಖಾಲಿ ಹಾಳೆ ಇದ್ದ ಹಾಗೆ ಅಂದರು ಕೋರ್ಟಿನ ಅಧ್ಯಕ್ಷೆ ಲೇಡಿ ಹೇಲ್. (ಆವತ್ತು ಅವರು ಹಾಕಿಕೊಂಡಿದ್ದ ಜೇಡದ ಬ್ರೋಚು ತೀರ್ಪಿಗಿಂತ ಜಾಸ್ತಿ ಫೇಮಸ್ ಆಯ್ತು.) ತಪ್ಪು ರಾಣಿಯದು ಅಂತ ಕೋರ್ಟು ಎಲ್ಲೂ ಹೇಳಲಿಲ್ಲ, ಅವರಿಗೆ ಕೊಟ್ಟ ಸಲಹೆಯೇ ಕಾನೂನಿಗೆ ವಿರುದ್ಧ ಅಂದಿತು. ಮರುದಿನವೇ ಸಂಸದರು ಬಂದು ಕೂತರು.

ಆದರೆ ಅದೇ ಡಿಸೆಂಬರಿನ ಚುನಾವಣೆಯಲ್ಲಿ ಜಾನ್ಸನ್ 80 ಸೀಟುಗಳ ಬಹುಮತದಿಂದ ಗೆದ್ದರು. ಕೋರ್ಟು ಸದನದ ಬಾಗಿಲು ತೆರೆಸಬಹುದು, ಪ್ರಧಾನಿಯನ್ನು ಇಳಿಸುವುದು ಅದರ ಕೆಲಸ ಅಲ್ಲ. ಇಳಿಸಿದ್ದು 2022ರ ಜುಲೈನಲ್ಲಿ ಅವರದೇ ಮಂತ್ರಿಗಳು, ಒಬ್ಬರ ಹಿಂದೆ ಒಬ್ಬರು ರಾಜೀನಾಮೆ ಬಿಸಾಕಿ. ಲಾಕ್‌ಡೌನ್ ಹೊತ್ತಿನಲ್ಲಿ ಪ್ರಧಾನಿ ಕಚೇರಿಯಲ್ಲಿ ನಡೆದ ಪಾರ್ಟಿಗಳ ಬಗ್ಗೆ ಸದನಕ್ಕೆ ತಪ್ಪು ಮಾಹಿತಿ ಕೊಟ್ಟರು ಅಂತ 2023ರಲ್ಲಿ ಸಂಸತ್ತಿನ ಸಮಿತಿ ಹೇಳಿತು. ವರದಿ ಹೊರಬರುವ ಮೊದಲೇ ಸಂಸದ ಸ್ಥಾನವನ್ನೂ ಬಿಟ್ಟಿದ್ದರು. ಪಾರ್ಟಿಗೆ ಬಿದ್ದದ್ದು ಪೊಲೀಸರ ದಂಡ ಅಷ್ಟೇ, ಸದನದಲ್ಲಿ ಸುಳ್ಳಾಡಿದ್ದೇ ದುಬಾರಿ ಆಯ್ತು.

ಪ್ರಶ್ನೆ: ರಾಜನೇ ಪ್ರಧಾನಿಯನ್ನು ಕಿತ್ತು ಹಾಕಿದರೆ ಕೆಲಸ ಸುಲಭ ಅಲ್ವಾ?
— ಇನ್ನೊಬ್ಬ ಓದುಗರು, ಶಿರಸಿ

ಉತ್ತರ: ಸುಲಭ, ಆದರೆ ಆಮೇಲೆ ಜಗಳ ಮುಗಿಯಲ್ಲ. 1975ರ ನವೆಂಬರ್ 11ರಂದು ಆಸ್ಟ್ರೇಲಿಯಾದಲ್ಲಿ ರಾಣಿಯ ಪ್ರತಿನಿಧಿಯಾಗಿದ್ದ ಗವರ್ನರ್ ಜನರಲ್ ಜಾನ್ ಕೆರ್, ಪ್ರಧಾನಿ ವಿಟ್ಲಮ್ ಅವರನ್ನು ವಜಾ ಮಾಡಿದರು. ಮೇಲ್ಮನೆ ಸೆನೆಟ್ ಬಜೆಟ್ ತಡೆಹಿಡಿದಿತ್ತು, ನಿಜ. ಆದರೆ ಕೆಳಮನೆಯಲ್ಲಿ ಬಹುಮತ ವಿಟ್ಲಮ್‌ಗೇ ಇತ್ತು. ಮುಂದಿನ ಚುನಾವಣೆಯಲ್ಲಿ ಅವರು ಹೀನಾಯವಾಗಿ ಸೋತರು, ಆದರೂ ಕೆರ್ ಮಾಡಿದ್ದು ಸರಿಯಾ ಅನ್ನುವ ವಾದ ಅಲ್ಲಿ ಇನ್ನೂ ನಿಂತಿಲ್ಲ.

ನಮ್ಮಲ್ಲಿ ರಾಜ ಇಲ್ಲ, ಆದರೆ ರಾಜಭವನ ಇದೆಯಲ್ಲ. 1989ರಲ್ಲಿ ಬಹುಮತ ಸಾಬೀತು ಮಾಡ್ತೀನಿ, ಸದನ ಕರೆಯಿರಿ ಅಂತ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ರಾಜ್ಯಪಾಲರನ್ನು ಕೇಳಿಕೊಂಡರೂ ಅವಕಾಶ ಸಿಗಲಿಲ್ಲ, ಸರ್ಕಾರ ವಜಾ ಆಯ್ತು. ತಲೆ ಎಣಿಸುವ ಜಾಗ ಸದನವೇ ಅಂತ ಸುಪ್ರೀಂ ಕೋರ್ಟು ಹೇಳಿದ್ದು 1994ರಲ್ಲಿ. ಅಷ್ಟರಲ್ಲಿ ಅವರ ಕುರ್ಚಿಯಲ್ಲಿ ಬೇರೆಯವರು ಕೂತು ಎಷ್ಟೋ ವರ್ಷ ಆಗಿತ್ತು.