ಮೈ ಬಿಸಿ ಏರಿದ ಮೇಲೆ ಗಂಡನನ್ನು ಕರೆಸಿದರೆ ತಡ

ಪ್ರಶ್ನೆ: ನನಗೆ 27 ವರ್ಷ. ಮದ್ದೂರಿನ ಹತ್ತಿರದ ಹಳ್ಳಿ. ಮದುವೆಯಾಗಿ ಎಂಟು ತಿಂಗಳಾಯ್ತು, ಮಗು ಬೇಕು ಅಂತಿದ್ದೇವೆ. ಮುಟ್ಟು ಸರಿಯಾಗಿ 30 ದಿನಕ್ಕೆ ಆಗುತ್ತದೆ. ಮೊಬೈಲಿನಲ್ಲಿ ನೋಡಿ, ದಿನಾ ಡೇರಿಗೆ ಹಾಲು ಹಾಕಿ ಬಂದ ಮೇಲೆ ಥರ್ಮಾಮೀಟರ್ ಇಟ್ಟು ಬರೆದಿಡುತ್ತೇನೆ. 97.3 ಇದ್ದದ್ದು 97.9 ಆದ ದಿನ ಬೆಂಗಳೂರಿನಲ್ಲಿರುವ ಗಂಡನಿಗೆ ಫೋನ್ ಮಾಡಿ ಕರೆಸುತ್ತೇನೆ. ಆದರೂ ನಿಲ್ಲುತ್ತಿಲ್ಲ. ಅತ್ತೆ ಬೇರೆ ದಿನಾ ಜ್ವರವಾ ಅಂತ ಕೇಳುತ್ತಾರೆ. ಎಲ್ಲಿ ತಪ್ಪುತ್ತಿದೆ?
– ಹೆಸರು ಬೇಡ, ಮಂಡ್ಯ ಜಿಲ್ಲೆ

ಉತ್ತರ: ನಿಮ್ಮ ಯಜಮಾನರು ಬಸ್ಸು ಹತ್ತುವ ಹೊತ್ತಿಗೆ ಅಂಡದ ಆಯಸ್ಸು ಮುಗಿದಿರುತ್ತದೆ. ಅಂಡ ಹೊರಬಂದ ಮೇಲೆ ಪ್ರೊಜೆಸ್ಟರಾನ್ ಹಾರ್ಮೋನು ಜಾಸ್ತಿಯಾಗುತ್ತದೆ, ಮೈ ಬಿಸಿ ಏರುವುದು ಅದರಿಂದ. ಅಂಡ ಬದುಕುವುದು 12ರಿಂದ 24 ಗಂಟೆ. ವೀರ್ಯಾಣು ಹಾಗಲ್ಲ, ಒಳಗೆ ಐದು ದಿನದವರೆಗೂ ಕಾಯಬಲ್ಲದು. ಹಾಗಾಗಿ ಅವರು ಮೊದಲೇ ಬಂದಿರಬೇಕು, ಅಲ್ವಾ?

ಅಂಡ ಹೊರಬರುವುದು ಸಾಮಾನ್ಯವಾಗಿ ಮುಂದಿನ ಮುಟ್ಟಿಗೆ ಎರಡು ವಾರ ಮೊದಲು. ಮುಟ್ಟಾದ ದಿನವನ್ನು ಒಂದು ಅಂತ ಎಣಿಸಿದರೆ ನಿಮಗೆ 16ನೇ ದಿನದ ಆಸುಪಾಸು. 11ರಿಂದ 16ರವರೆಗೆ ದಿನ ಬಿಟ್ಟು ದಿನ ಕೂಡಿದರೆ ಸಾಕು. ರಜೆ ಹಾಕಿಸುವುದಿದ್ದರೆ ಆ ವಾರ ಹಾಕಿಸಿ. ಆಗ ಹೋಗುವ ಬಿಳಿಯನ್ನೂ ಗಮನಿಸಿ. ಮೊಟ್ಟೆಯ ಬಿಳಿ ಲೋಳೆಯ ಹಾಗೆ ತೆಳ್ಳಗಿದ್ದು, ಎರಡು ಬೆರಳ ನಡುವೆ ಎಳೆದರೆ ಎಳೆಯಾಗಿ ಬಂದರೆ ಅದೇ ಸರಿಯಾದ ಸಮಯ. ನನ್ನ ಕೇಳಿದರೆ ಥರ್ಮಾಮೀಟರಿಗಿಂತ ಇದೇ ವಾಸಿ. ಕಾಸೂ ಖರ್ಚಿಲ್ಲ.

ಹಾಗಂತ ಥರ್ಮಾಮೀಟರ್ ಎಸೆಯಬೇಡಿ. ಆದರೆ ಹಾಲು ಕರೆದು, ಡೇರಿವರೆಗೆ ನಡೆದು ಬಂದು ನೋಡಿದ ಅಂಕಿ ಲೆಕ್ಕಕ್ಕೆ ಬರುವುದಿಲ್ಲ. ಓಡಾಡಿದರೆ ಮೈ ಬಿಸಿ ಏರುತ್ತದೆ. ರಾತ್ರಿಯೇ ದಿಂಬಿನ ಪಕ್ಕ ಇಟ್ಟುಕೊಳ್ಳಿ. ಎಚ್ಚರವಾದ ತಕ್ಷಣ, ಎದ್ದು ಕೂರುವ ಮೊದಲೇ, ನಾಲಿಗೆ ಕೆಳಗಿಡಿ. ದಿನಾ ಅದೇ ಹೊತ್ತಿಗೆ. ಅದಕ್ಕೆ ಮುಂಚೆ ಮೂರು ನಾಲ್ಕು ಗಂಟೆಯಾದರೂ ಒಂದೇ ಸಮ ನಿದ್ದೆ ಆಗಿರಬೇಕು. ಪಾಯಿಂಟ್ ಆದ ಮೇಲೆ ಎರಡು ಅಂಕಿ ತೋರಿಸುವ ಡಿಜಿಟಲ್ ಥರ್ಮಾಮೀಟರ್ ಒಳ್ಳೆಯದು, ಏಕೆಂದರೆ ಏರುವುದೇ ಅರ್ಧ ಡಿಗ್ರಿ, ಹೆಚ್ಚೆಂದರೆ ಒಂದು.

ಒಂದೇ ದಿನದ 97.9 ನಂಬಬೇಡಿ. ಯಾರದೋ ಮದುವೆಗೆ ಹೋಗಿ ನಿದ್ದೆ ಕೆಟ್ಟರೂ ಅಷ್ಟು ಬರಬಹುದು. ಹಿಂದಿನ ಆರು ದಿನಕ್ಕಿಂತ ಮೇಲೆ, ಸತತ ಮೂರು ದಿನ ನಿಂತರೆ ಅಂಡ ಬಂದು ಹೋಗಿದೆ ಅಂತ ಲೆಕ್ಕ. ಎರಡು ಮೂರು ತಿಂಗಳು ಹೀಗೆ ಬರೆದರೆ ನಿಮಗೆ ಏರುವ ದಿನ ಯಾವುದು ಅಂತ ತಿಳಿಯುತ್ತದೆ. ಅದರ ಹಿಂದಿನ ಐದಾರು ದಿನ ಫೋನ್ ಮಾಡುವ ದಿನಗಳು. ಏರಿದ್ದು 18 ದಿನ ಇಳಿಯದಿದ್ದರೆ ಮೂತ್ರ ಪರೀಕ್ಷೆ ಮಾಡಿಕೊಳ್ಳಿ.

ಅತ್ತೆಗೆ ನಿಜ ಹೇಳಿಬಿಡಿ. ಇಲ್ಲಾಂದ್ರೆ ಸುಮ್ನೆ ಕಷಾಯ ಕುಡಿಸುತ್ತಾರೆ.

ಎಂಟು ತಿಂಗಳಿಗೆ ಗಾಬರಿ ಬೇಡ. ವರ್ಷ ತುಂಬಿದರೂ ಆಗದಿದ್ದರೆ ಮಂಡ್ಯದ ಮಿಮ್ಸ್‌ಗೋ ಮೈಸೂರಿನ ಚೆಲುವಾಂಬ ಆಸ್ಪತ್ರೆಗೋ ಇಬ್ಬರೂ ಹೋಗಿ. ಇಬ್ಬರೂ ಅಂದೆ. ಹೆಂಡತಿಗೆ ಎಲ್ಲ ಸ್ಕ್ಯಾನ್ ಮುಗಿಸಿ, ಗಂಡನ ವೀರ್ಯ ಪರೀಕ್ಷೆಯನ್ನು ಕೊನೆಗೆ ಮಾಡಿಸುವವರೇ ಜಾಸ್ತಿ. ಅದು ಮೊದಲೇ ಆಗಬೇಕಾದ, ಸುಲಭದ ಪರೀಕ್ಷೆ. ಫೋಲಿಕ್ ಆಸಿಡ್ 400 ಮೈಕ್ರೋಗ್ರಾಂ ಮಾತ್ರೆಗೆ ವರ್ಷ ತುಂಬಲಿ ಅಂತ ಕಾಯಬೇಡಿ, ಡಾಕ್ಟರನ್ನು ಕೇಳಿ ಈಗಿನಿಂದಲೇ ದಿನಕ್ಕೊಂದು ಶುರು ಮಾಡಿ.