ಎದುರಿಗೇ ಇರುವ ಅಮ್ಮನಿಗೆ ಏಕೆ ಬರೆಯಬೇಕು?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಸಮೀಪದ ಅಡಿಕೆ ತೋಟದ ಮನೆ. 9 ವರ್ಷದ ಮಗನನ್ನು ಎರಡು ವರ್ಷಗಳಿಂದ ಮನೆಯಲ್ಲಿಯೇ ಓದಿಸುತ್ತಿದ್ದೇನೆ. ಕಥೆಪುಸ್ತಕಗಳನ್ನು ತಾನಾಗಿಯೇ ಓದುತ್ತಾನೆ. ಅಡಿಕೆಯ ಕೊನೆ (ಗೊನೆ) ಕೊಯ್ಲಿನ ದಿನ ನಡೆದದ್ದನ್ನೆಲ್ಲ ರಾತ್ರಿ ಊಟದ ಹೊತ್ತಿನಲ್ಲಿ ಒಂದೂ ಬಿಡದೆ ವರ್ಣಿಸುತ್ತಾನೆ. ಆದರೆ ದಿನಕ್ಕೊಂದು ಪುಟ ಕಾಪಿ, ವಾರಕ್ಕೊಂದು ಪ್ರಬಂಧ ಎಂದು ಪುಸ್ತಕ ತೆರೆದ ಕೂಡಲೇ ಹೊಟ್ಟೆನೋವು ಎನ್ನುತ್ತಾನೆ. ಬರೆದರೂ ಒತ್ತಕ್ಷರಗಳೆಲ್ಲ ತಪ್ಪು, ಮೂರನೆಯ ವಾಕ್ಯಕ್ಕೆ ಅಳು. ‘ಶಾಲೆಗೆ ಕಳಿಸಿದ್ದರೆ ಹೀಗಾಗುತ್ತಿರಲಿಲ್ಲ’ ಎನ್ನುತ್ತಾರೆ ಅತ್ತೆ. ಬರವಣಿಗೆ ಅವನಿಗೆ ಖುಷಿಯ ಕೆಲಸವಾಗುವಂತೆ ಮಾಡುವುದು ಹೇಗೆ?

– ಹೆಸರು ಬೇಡ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಶಾಲೆಗೆ ಹೋಗುವ ಮಕ್ಕಳೂ ಬರೆಯುವುದಕ್ಕೆ ಅಳುತ್ತಾರೆ ಎಂದು ನಿಮ್ಮ ಅತ್ತೆಯವರಿಗೆ ತಿಳಿಸಿ, ವರ್ಷಗಟ್ಟಲೆ ಕಾಪಿ ಪುಸ್ತಕಗಳಿಗೆ ಸಹಿ ಹಾಕಿದ ನಾನು ಇದಕ್ಕೆ ಸಾಕ್ಷಿ. ಅಲ್ಲಿ ಬೆಳಗಾದರೆ ಮೇಷ್ಟ್ರು ಕೇಳುತ್ತಾರೆಂಬ ಹೆದರಿಕೆ ಬರೆಸುತ್ತದೆ. ಮನೆಯಲ್ಲಿ ಆ ಹೆದರಿಕೆ ಇಲ್ಲ, ಇರಲೂ ಬೇಡ. ಆದರೆ ಅದರ ಜಾಗದಲ್ಲಿ ಬೇರೊಂದು ಕಾರಣವನ್ನು ನೀವು ಇನ್ನೂ ಇಟ್ಟಿಲ್ಲ. ಇಡೀ ದಿನ ಜೊತೆಗಿರುವ ಅಮ್ಮನಿಗೆ, ಬಾಯಲ್ಲಿ ಹೇಳಿ ಮುಗಿಸಬಹುದಾದದ್ದನ್ನು ಬರೆದು ಏಕೆ ತೋರಿಸಬೇಕು ಎಂಬುದು ನಿಮ್ಮ ಮಗನ ತಕರಾರು. ಅದು ನ್ಯಾಯವಾದ ತಕರಾರೆಂದೇ ನನಗೆ ಅನಿಸುತ್ತದೆ.

ಮೊದಲು ಅವನ ಮೇಲಿರುವ ಭಾರವನ್ನು ಎರಡು ಪಾಲು ಮಾಡಿ. ಏನು ಹೇಳಬೇಕೆಂದು ಯೋಚಿಸುವುದು ಒಂದು ಕೆಲಸ, ಅದನ್ನು ಅಕ್ಷರಕ್ಕೆ ಇಳಿಸುವುದು ಇನ್ನೊಂದು. ನಮ್ಮ ವರ್ಣಮಾಲೆಯಲ್ಲಿ ಇರುವುದು 49 ಅಕ್ಷರಗಳೇ ಆದರೂ ಕಾಗುಣಿತ, ಒತ್ತು, ದೀರ್ಘ ಸೇರಿದಾಗ ಕೈ ಕಲಿಯಬೇಕಾದ ರೂಪಗಳು ನೂರಾರು. ‘ಸ್ತ್ರೀ’ ಎಂಬ ಒಂದೇ ಅಕ್ಷರದಲ್ಲಿ ಮೂರು ವ್ಯಂಜನ ಮತ್ತು ಒಂದು ಸ್ವರ ಕೂತಿವೆ. ಅದನ್ನು ಸರಿಯಾಗಿ ಜೋಡಿಸುವಷ್ಟರಲ್ಲಿ ಮನಸ್ಸಿನಲ್ಲಿದ್ದ ವಾಕ್ಯ ಹಾರಿಹೋಗಿರುತ್ತದೆ. ಆದ್ದರಿಂದ ವಾರದಲ್ಲಿ ಎರಡು ದಿನ ಅವನು ವ್ಯಾಸನಾಗಲಿ, ನೀವು ಗಣಪತಿಯಾಗಿ. ಕೊನೆ ಕೊಯ್ಲಿನ ಕಥೆಯನ್ನು ಅವನು ಹೇಳಿದಂತೆಯೇ ಬರೆದುಕೊಳ್ಳಿ. ‘ಹತ್ತಿದ’ ಎನ್ನದೆ ‘ಹತ್ತೇ ಬಿಟ್ಟ’ ಎಂದರೆ ಹಾಗೆಯೇ ಇರಲಿ, ತಿದ್ದಬೇಡಿ. ಓದಿ ಹೇಳಿದ ಮೇಲೆ ಅವನಿಗೆ ಇಷ್ಟವಾದ ಎರಡೇ ಸಾಲನ್ನು ಮರುದಿನ ಅವನು ತನ್ನ ಕೈಯಲ್ಲಿ ಬರೆಯಲಿ. ಕಾಪಿ ಎಂದರೆ ಅಷ್ಟು ಸಾಕು.

ಇನ್ನು ಪ್ರಬಂಧದ ಮಾತು. ‘ನಾನು ಕಂಡ ಜಾತ್ರೆ’ಯ ಬದಲು ನಿಮ್ಮ ಊರಿಗೆ ಒಪ್ಪುವ ಒಂದು ಕೆಲಸವನ್ನು ಹೇಳುತ್ತೇನೆ. ಮಲೆನಾಡಿನ ಎಷ್ಟೋ ತೋಟದ ಮನೆಗಳಲ್ಲಿ ಮಳೆಯ ಲೆಕ್ಕ ಬರೆದಿಡುವ ರೂಢಿ ಇದೆ. ಈ ಮಳೆಗಾಲದಿಂದ ನಿಮ್ಮ ಮನೆಯ ಮಳೆಪುಸ್ತಕ ಅವನದಾಗಲಿ. ಹವಾಮಾನ ಇಲಾಖೆಯವರಂತೆ ಬೆಳಿಗ್ಗೆ 8.30ಕ್ಕೆ ಮಳೆಮಾಪಕ ನೋಡಿ, ತಾರೀಖು, ನಕ್ಷತ್ರ, ಮಿಲಿಮೀಟರ್ ಮತ್ತು ಒಂದು ಸಾಲು ಸುದ್ದಿ ಬರೆಯುವುದಷ್ಟೇ ಕೆಲಸ. ಮೊದಲ ವಾರ ‘ಮೃಗಶಿರ, 12 ಮಿ.ಮೀ.’ ಎಂದು ಒಣಗಿಕೊಂಡೇ ಇದ್ದೀತು. ಆರಿದ್ರಾ ಹಿಡಿದು ತೋಟದ ಸಂಕ (ಕಾಲುಸೇತುವೆ) ಮುಳುಗಿದ ದಿನ ಸಾಲು ತಾನಾಗಿ ಉದ್ದವಾಗುತ್ತದೆ, ಏಕೆಂದರೆ ಬರುವ ವರ್ಷ ‘ಕಳೆದ ಸಲ ಸಂಕ ಮುಳುಗಿದ್ದು ಯಾವತ್ತು?’ ಎಂದು ಅಪ್ಪ ಕೇಳುವುದು ಅವನನ್ನೇ. ಅಡಿಕೆ ಸುಲಿಯುವ ಕಾಲಕ್ಕೆ ಯಾರು ಎಷ್ಟು ಡಬ್ಬ ಸುಲಿದರೆಂಬ ಲೆಕ್ಕವನ್ನೂ ಅವನಿಗೇ ಒಪ್ಪಿಸಬಹುದು. ಅಲ್ಲಿ ಹೆಸರು ತಪ್ಪಾದರೆ ಸುಲಿಯುವವರು ಸುಮ್ಮನೆ ಬಿಡುವುದಿಲ್ಲ.

ಒತ್ತಕ್ಷರಕ್ಕೆ ಬೇರೆ ಪಾಠವೇ ಬೇಡ. ದಿನಸಿ ಚೀಟಿಯನ್ನು ಅವನಿಂದ ಬರೆಸಿ. ಅಕ್ಕಿ, ಬೆಲ್ಲ, ಉಪ್ಪು, ಎಣ್ಣೆ, ಸಕ್ಕರೆ, ಬೆಳ್ಳುಳ್ಳಿ ಎಂದು ನೀವೇ ಒಮ್ಮೆ ಬರೆದು ನೋಡಿ, ಒತ್ತಿಲ್ಲದ ಪದ ಒಂದಾದರೂ ಇದೆಯೇ? ಉಳಿದ ಕಡೆ ಒಂದು ಬರಹದಲ್ಲಿ ಒಂದೇ ಬಗೆಯ ತಪ್ಪನ್ನು ಮಾತ್ರ ತೋರಿಸಿ, ಅದೂ ಪೆನ್ಸಿಲಿನಲ್ಲಿ. ಕೆಂಪು ಶಾಯಿಯಿಂದ ಒಬ್ಬ ಹುಡುಗನೂ ಕಾಗುಣಿತ ಕಲಿತದ್ದನ್ನು ನಾನು ಕಾಣೆ.

ಇಷ್ಟೆಲ್ಲ ಮಾಡಿಯೂ ಎರಡು ಸಾಲಿಗೇ ಕೈ ನೋಯುತ್ತದೆ ಎಂದರೆ, ಪೆನ್ಸಿಲನ್ನು ವಿಪರೀತ ಬಿಗಿಯಾಗಿ ಹಿಡಿಯುತ್ತಿದ್ದರೆ, ಗೊತ್ತಿರುವ ಅಕ್ಷರವೇ ದಿನಕ್ಕೊಂದು ರೂಪ ತಾಳುತ್ತಿದ್ದರೆ ಸೋಮಾರಿತನವೆಂದು ಬೈಯಬೇಡಿ. ಅದು ಡಿಸ್‌ಗ್ರಾಫಿಯಾ ಎಂಬ ಬರವಣಿಗೆಯ ತೊಡಕಾಗಿರಬಹುದು. ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ. ಕಲಿಕೆಯ ತೊಂದರೆಗಳ ಪರೀಕ್ಷೆಯನ್ನು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾಡುತ್ತಾರೆ.

ಕೊನೆಯದಾಗಿ, ನಿಮ್ಮ ಅತ್ತೆಯವರನ್ನೂ ಈ ಕೆಲಸಕ್ಕೆ ಸೇರಿಸಿಕೊಳ್ಳಿ. ಒಂದೆಲಗದ ತಂಬುಳಿ ಮಾಡುವ ಕ್ರಮವನ್ನು ಅವರು ಹೇಳಲಿ, ಮೊಮ್ಮಗ ಅದನ್ನು ಪೋಸ್ಟ್ ಕಾರ್ಡಿನಲ್ಲಿ ಬರೆದು, ವಿಳಾಸದ ಕೆಳಗೆ ಪಿನ್‌ಕೋಡಿನ 6 ಅಂಕಿಗಳನ್ನೂ ತಾನೇ ತುಂಬಿಸಿ, ದೂರದ ಊರಿನಲ್ಲಿರುವ ಸೋದರತ್ತೆಗೋ ಚಿಕ್ಕಮ್ಮನಿಗೋ ಕಳಿಸಲಿ. ಕಾರ್ಡು ಪಡೆಯುವವರಿಗೆ ಗುಟ್ಟಾಗಿ ಒಂದು ಮಾತು ಹೇಳಿಡಿ: ಕಾರ್ಡಿನಲ್ಲಿ ಇದ್ದಷ್ಟನ್ನೇ ಮಾಡಬೇಕು, ಉತ್ತರವನ್ನು ಫೋನಿನಲ್ಲಲ್ಲ, ಇನ್ನೊಂದು ಕಾರ್ಡಿನಲ್ಲೇ ಬರೆಯಬೇಕು. ಅವನು ಮಜ್ಜಿಗೆ ಬರೆದು ಉಪ್ಪು ಮರೆತಿದ್ದರೆ ಆ ತಪ್ಪನ್ನು ತಿದ್ದುವವರು ನೀವಲ್ಲ, ಸಪ್ಪೆ ತಂಬುಳಿ ಉಂಡವರು.