ಬಣ್ಣ ಬಿಡಿ, ಕೀಲ್‌ನ ಬುಡ ನೋಡಿ

ಇಂಗ್ಲೆಂಡಿನ ಎಸೆಕ್ಸ್‌ನ ಬ್ಲ್ಯಾಕ್‌ವಾಟರ್ ನದಿಮುಖದಲ್ಲಿ, ಸಮುದ್ರದ ಇಳಿತದ ವೇಳೆ ದೋಣಿ ಕೆಸರಿನ ಮೇಲೆ ಕೂರುವ ಜಾಗಕ್ಕೆ 1970ರ ದಶಕದ ವೆಸ್ಟರ್ಲಿ ಸೆಂಟಾರ್ ಹಾಯಿದೋಣಿ ಆಗಬಹುದೇ ಎಂದು ಕೇಳಿದ್ದೀರಿ. ಧಾರಾಳವಾಗಿ ಆಗುತ್ತದೆ. 26 ಅಡಿಯ ಆ ದೋಣಿ ಹುಟ್ಟಿದ್ದೇ ಅಂಥ ಜಾಗಕ್ಕೆ: ನೀರು ಇಳಿದರೆ ಎರಡು ಕೀಲ್‌ಗಳ (ತಳದಿಂದ ಕೆಳಕ್ಕೆ ಚಾಚಿದ, ರೆಕ್ಕೆಯಂಥ ಭಾರದ ಫಲಕಗಳ) ಮೇಲೆ ನೆಟ್ಟಗೆ ನಿಲ್ಲುತ್ತದೆ, ಒಲೆಯ ಮೇಲಿನ ಚಹಾ ಚೆಲ್ಲುವುದಿಲ್ಲ.

ಆದರೆ ಹೊಸ ಬಣ್ಣಕ್ಕೆ, ಮೆತ್ತೆಗೆ ಮರುಳಾಗಬೇಡಿ. ಕೀಲ್ ಒಡಲಿಗೆ ಸೇರುವ ಜಾಗವೇ ಇದರ ಮರ್ಮ. ಪ್ರತಿ ಇಳಿತದಲ್ಲೂ ದೋಣಿಯ ಭಾರ ಕೀಲ್‌ಗಳನ್ನು ಹೊರಕ್ಕೆ ಅಗಲಿಸಲು ನೋಡುತ್ತದೆ. ಆರಂಭದ ಸೆಂಟಾರ್‌ಗಳಲ್ಲಿ ಈ ಭಾಗ ದುರ್ಬಲವಾಗಿತ್ತು. ಹಲವಕ್ಕೆ ಆಮೇಲೆ ಒಳಗಿನಿಂದ ಫೈಬರ್‌ಗ್ಲಾಸ್ ಹೊದಿಸಿ ಬಲ ತುಂಬಿದ್ದಾರೆ. ಆ ಕೆಲಸದ ರಸೀದಿ ಕೇಳಿ. ನೆಲಹಲಗೆ ಎತ್ತಿಸಿ ಕೀಲ್ ಬಿಗಿದ ಬೋಲ್ಟ್‌ಗಳ ಸುತ್ತ ಟಾರ್ಚ್ ಹಿಡಿಯಿರಿ: ತುಕ್ಕಿನ ಕಂದು ಗೆರೆ, ಕೂದಲೆಳೆಯಂಥ ಬಿರುಕು ಇವೆಯೇ? ಕ್ರೇನ್‌ನಲ್ಲಿ ತೂಗುವಾಗೊಮ್ಮೆ, ನೆಲಕ್ಕೆ ಕೂತಾಗೊಮ್ಮೆ ಎರಡು ಕೀಲ್‌ಗಳ ತುದಿಗಳ ನಡುವಿನ ಅಂತರ ಅಳೆಯಿರಿ. ಎದ್ದು ಕಾಣುವಷ್ಟು ಹೆಚ್ಚಿದರೆ, ಮಾರುವವರು ಎಷ್ಟೇ ನಯವಾಗಿ ಮಾತನಾಡಲಿ, ದೋಣಿ ಪರೀಕ್ಷಿಸುವ ಸರ್ವೇಯರ್ ನೋಡುವ ತನಕ ಮುಂಗಡ ಕೊಡಬೇಡಿ.

ಎಂಜಿನ್ ಮೂಲದ್ದೇ ಆಗಿದ್ದರೆ ಚೌಕಾಸಿಗೆ ಅದೇ ಸಾಕು. ಹೊಸ ಡೀಸೆಲ್ ಎಂಜಿನ್‌ನ ಖರ್ಚು ದೋಣಿಯ ಬೆಲೆಯನ್ನೇ ಮೀರಬಹುದು. ಗಾಳಿಗೆದುರು ಸಾಗುವಾಗ ಒಂಟಿ ಕೀಲ್‌ನ ದೋಣಿಗಳು ನಿಮ್ಮನ್ನು ಹಿಂದಿಕ್ಕುತ್ತವೆ. ಹೋಗಲಿ ಬಿಡಿ, ಇಳಿತದಲ್ಲಿ ಅವು ಪಕ್ಕಕ್ಕೆ ಒರಗುತ್ತವೆ.